ಅಷ್ಟು ದುಡ್ಡಲ್ಲಿ ಆಚಾರ್ರನ್ನೇ ಕರೆಸಬಹುದಿತ್ತಲ್ಲ?

ಮನೆಗೆ ಯಾರೇ ಬರಲಿ, ಚಾ ಕುಡಿದು ಎಲೆಯಡಿಕೆ ಹಾಕಿಕೊಂಡು ಹಟ್ಟಿಯ ಕಡೆ ಒಂದು ಸುತ್ತು ಹೋಗುತ್ತಾರೆ. ದನ ಸಾಕುವುದು ಬಿಟ್ಟ ಮೇಲೆ ಹಟ್ಟಿಯ ಅರ್ಧ ಭಾಗ ನನ್ನ ಮರಗೆಲಸದ ಜಾಗ. ಗೋಡೆಯಲ್ಲಿ ಗರಗಸ, ಉಳಿ, ಕ್ಲಾಂಪ್ ಎಲ್ಲ ಸಾಲಾಗಿ ನೇತಾಡುತ್ತಿರುತ್ತವೆ. ನೋಡಿದವರಿಂದ ಬರುವುದು ಒಂದೇ ಪ್ರಶ್ನೆ. "ಇದಕ್ಕೆಲ್ಲ ಒಟ್ಟು ಎಷ್ಟಾಯ್ತು ಭಾವ?" ನಾನು ಬಾಯಿ ತೆರೆಯುವ ಮೊದಲೇ ಅದರ ಉಳಿದರ್ಧವೂ ಬರುತ್ತದೆ. "ಅಷ್ಟು ದುಡ್ಡಲ್ಲಿ ಆಚಾರ್ರನ್ನೇ ಕರೆಸಬಹುದಿತ್ತಲ್ಲ?" ಆಚಾರ್ರು ಅಂದರೆ ನಮ್ಮ ಕಡೆ ಬಡಗಿ.

ನೆಂಟರು ಕೇಳುತ್ತಾರೆ, ಶಾಲೆಯಲ್ಲಿ ಜೊತೆಗಿರುವ ಮಾಷ್ಟ್ರುಗಳು ಕೇಳುತ್ತಾರೆ, ಅಡಿಕೆ ಕೊಯ್ಯಲು ಬರುವವರೂ ಕೇಳುತ್ತಾರೆ. ನಿಂತಲ್ಲೇ ಅರ್ಧಂಬರ್ಧ ಉತ್ತರ ಕೊಟ್ಟರೆ ನನಗೇ ಸಮಾಧಾನ ಆಗುವುದಿಲ್ಲ. ಹಾಗಾಗಿ ಪೂರ್ತಿ ಲೆಕ್ಕ ಇಲ್ಲಿ ಬರೆಯುತ್ತೇನೆ.

2020ರ ಜೂನ್‌ನಿಂದ 2025ರ ಡಿಸೆಂಬರ್ ಕೊನೆಯವರೆಗೆ 87,350 ರೂಪಾಯಿ. ಮೊದಲ ದಿನದಿಂದಲೂ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಇದರಲ್ಲಿ ಮರದ ಬೆಲೆ ಸೇರಿಲ್ಲ. ಮರ ಹೇಗೂ ಬೆಂಚೋ ಕಪಾಟೋ ಆಗಿ ಮನೆಯೊಳಗೇ ಉಳಿಯುತ್ತದೆ.

ಆಚಾರ್ರ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಊರಲ್ಲಿ ದಿನದ ಸಂಬಳ 1,200 ಅಂತ ಹಿಡಿದರೂ ನನ್ನ ದುಡ್ಡು ಹೆಚ್ಚುಕಮ್ಮಿ 73 ದಿನದ ಸಂಬಳ. ಅಷ್ಟು ದಿನದಲ್ಲಿ ಆಚಾರ್ರು ನಾನು ಈವರೆಗೆ ಮಾಡಿದ್ದೆಲ್ಲವನ್ನೂ ಮಾಡಿ, ಮೇಲೊಂದು ಮನೆಗೆ ಬಾಗಿಲು, ಅದರ ಚೌಕಟ್ಟಾದ ದಾರಂದವನ್ನೂ ಕೂರಿಸಿ ಹೋಗುತ್ತಿದ್ದರು. ಲೆಕ್ಕದಲ್ಲಿ ನೀವು ಹೇಳುವುದೇ ಸರಿ. ಆದರೆ ಒಂದು ಬಿಜಾಗರಿ ಕಿತ್ತುಹೋದರೆ ಅದೊಂದಕ್ಕೆ ಆಚಾರ್ರು ಬರುವುದಿಲ್ಲ. ಯಾಕೆ ಬರಬೇಕು? ಅವರಿಗೆ ದಿನಪೂರ್ತಿ ಕೆಲಸ ಬೇಕು. ಹಾಗಾಗಿ ಅಲ್ಲಾಡುವ ಸ್ಟೂಲು, ಮುಚ್ಚದ ಕಿಟಕಿ, ಕಾಲು ಮುರಿದ ಮಂಚ ಎಲ್ಲ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತವೆ. ನಮ್ಮ ಮನೆಯಲ್ಲೂ ಹಾಗೇ ಇತ್ತು.

ಶುರುವಾದದ್ದು ಅಲ್ಲಿಂದಲೇ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿತು. ಸಣ್ಣಪುಟ್ಟ ಸಾಮಾನಿಗೂ ಮಂಗಳೂರಿಗೆ ಹೋಗಿ ಅಭ್ಯಾಸವಾಗಿದ್ದ ನಮಗೆ ಇದ್ದಕ್ಕಿದ್ದಂತೆ ಮಂಗಳೂರು ಪರದೇಶವಾಯಿತು. ಅದೇ ಹೊತ್ತಿಗೆ ಅಡುಗೆಮನೆಯ ಹಿಂಬಾಗಿಲಿನ ಬಿಜಾಗರಿ ಕಿತ್ತು ಬಂತು. ಅಪ್ಪನ ಕಾಲದ ಸುತ್ತಿಗೆ, ತುಕ್ಕು ಹಿಡಿದ ಒಂದು ಉಳಿ, ಹಳೆಯ ಸ್ಕ್ರೂಗಳು, ಇಷ್ಟೇ ಇಟ್ಟುಕೊಂಡು ಎರಡು ದಿನ ಒದ್ದಾಡಿ ಬಾಗಿಲು ಕೂರಿಸಿದೆ. ಮೂರನೇ ದಿನ ಬೆಳಗ್ಗೆ ಅಮ್ಮ ಆ ಬಾಗಿಲನ್ನು ಒಂದೇ ಕೈಯಲ್ಲಿ ಎಳೆದು ಮುಚ್ಚಿದ ಸದ್ದು ಈಗಲೂ ನನಗೆ ನೆನಪುಂಟು.

ಆಮೇಲೆ ತಪ್ಪಿದ್ದು ಕೊಂಡ ಕ್ರಮ. ರಾತ್ರಿ ಕೂತು ವಿಡಿಯೋ ನೋಡುವುದು, ಬೆಳಗ್ಗೆ ಆರ್ಡರ್ ಮಾಡುವುದು. ಡ್ರಿಲ್ 3,200. ಜಿಗ್‌ಸಾ 4,300. ಉಜ್ಜುವ ಸ್ಯಾಂಡರ್ 5,900. ಸರ್ಕ್ಯುಲರ್ ಸಾ 8,400. ಅಂಚು ಕೊರೆಯುವ ರೂಟರ್ 6,700. ಮರ ಕೀಸುವ ಕರೆಂಟಿನ ಪ್ಲೇನರ್ 6,500. ಮಿಷಿನ್‌ಗಳಿಗೇ 35,000 ಆಯಿತು. ಇವುಗಳಲ್ಲಿ ಪ್ಲೇನರನ್ನು ನಾನು ಕೈಗೆತ್ತಿಕೊಂಡದ್ದು ಐದು ವರ್ಷದಲ್ಲಿ ನಾಲ್ಕೇ ಸಲ. ಜಿಗ್‌ಸಾ ಕೂಡ ಹೆಚ್ಚುಕಮ್ಮಿ ಹಾಗೇ. ಮಿಷಿನ್ ಎಲ್ಲ ಬಂದ ಮೇಲೂ ನಾನು ಮಾಡಿದ ಜೋಡಣೆ ಕೂರುತ್ತಿರಲಿಲ್ಲ. ಒಂದೋ ಸಡಿಲ, ಇಲ್ಲದಿದ್ದರೆ ಹೊಡೆದು ಕೂರಿಸುವಾಗ ಸೀಳುವುದು.

ಎರಡು ಮನೆ ಆಚೆ ಇರುವ ಹಿರಿಯ ಆಚಾರ್ರು ಒಂದು ಸಂಜೆ ಬಂದು ಎಲ್ಲ ನೋಡಿದರು. ಮಿಷಿನ್‌ಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ನನ್ನ ಉಳಿ ತೆಗೆದುಕೊಂಡು ಬೆಳಕಿಗೆ ಹಿಡಿದರು. ಅಂಚಿನಲ್ಲಿ ಬಿಳಿ ಗೆರೆಯೊಂದು ಹೊಳೆಯುತ್ತಿತ್ತು. "ನೋಡಿ ಮಾಷ್ಟ್ರೇ, ಅಂಚು ಕಣ್ಣಿಗೆ ಕಂಡರೆ ಅದು ಮೊಂಡು ಅಂತ ಲೆಕ್ಕ. ಹರಿತ ಇದ್ದರೆ ಕಾಣಲಿಕ್ಕಿಲ್ಲ" ಅಂದರು.

ಮರುದಿನ ಅವರ ಸಾಣೆಕಲ್ಲು ತಂದರು. ಮೊದಲು ಉಳಿಯ ಹಿಂಬದಿಯನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ಒತ್ತಿ ತಿಕ್ಕಿಸಿದರು. ಅರ್ಧ ಗಂಟೆ ಅದೊಂದೇ ಕೆಲಸ. ಹಿಂಬದಿ ಕನ್ನಡಿಯಂತೆ ಆಗುವವರೆಗೂ ಮುಂಬದಿ ಮುಟ್ಟಲು ಬಿಡಲಿಲ್ಲ. ಆಮೇಲೆ ಓರೆ ಭಾಗ, ಸುಮಾರು 25 ಡಿಗ್ರಿಗೆ. ಕೈ ಅಲ್ಲಾಡಿದರೆ ಓರೆ ಉರುಟಾಗುತ್ತದೆ, ಹಾಗಾಗಿ ಮೊಣಕೈಯನ್ನು ಮೈಗೆ ಒತ್ತಿಕೊಂಡು ಇಡೀ ಮೈಯನ್ನೇ ಹಿಂದೆ ಮುಂದೆ ಆಡಿಸಬೇಕು. ಸ್ವಲ್ಪ ಹೊತ್ತಿಗೆ ಹಿಂಬದಿಯಲ್ಲಿ ಬೆರಳು ಎಳೆದರೆ ಕೂದಲೆಳೆಯಷ್ಟು ತೆಳುವಾಗಿ ಎದ್ದುನಿಂತ ಒಂದು ಗೀರು ತಾಗುತ್ತದೆ. ಅದು ಅಂಚಿನ ಉದ್ದಕ್ಕೂ ತಾಗಿದರೆ ಕಲ್ಲಿನ ಕೆಲಸ ಮುಗಿಯಿತು. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಹತ್ತಿಪ್ಪತ್ತು ಸಲ ಎಳೆದು ಆ ಗೀರನ್ನು ತೆಗೆಯಬೇಕು.

ಅದೇ ಉಳಿಯನ್ನು ಹಲಸಿನ ತುಂಡಿನ ಮೇಲಿಟ್ಟು ಅಂಗೈಯಲ್ಲಿ ಒತ್ತಿದೆ. ಸುತ್ತಿಗೆ ಬೇಕಾಗಲಿಲ್ಲ. ಹಳದಿ ಸುರುಳಿಯೊಂದು ಎದ್ದು ಬಂತು, ಅದರ ಅಡಿಯ ಮರ ಮೇಣದಂತೆ ಮಿನುಗುತ್ತಿತ್ತು. "ಉಳಿಯನ್ನು ನಾವು ದೂಡುವುದಲ್ಲ ಮಾಷ್ಟ್ರೇ, ಅದೇ ಹೋಗಬೇಕು" ಅಂದರು ಆಚಾರ್ರು. ನನ್ನ ಇಷ್ಟು ವರ್ಷದ ಮರಗೆಲಸದಲ್ಲಿ ಅದಕ್ಕಿಂತ ದೊಡ್ಡ ದಿನ ಬಂದಿಲ್ಲ. ಆ ವಾರವೇ ಎರಡು ಬದಿಯ ಸಾಣೆಕಲ್ಲೊಂದನ್ನು 450 ರೂಪಾಯಿಗೆ ತಂದೆ. ಅದನ್ನು ಮೊದಲು ತಂದು ಮಿಷಿನ್‌ಗಳನ್ನು ಆಮೇಲೆ ಯೋಚಿಸಿದ್ದರೆ ಕಮ್ಮಿಯೆಂದರೂ ಹದಿನೈದು ಸಾವಿರ ನನ್ನ ಕೈಯಲ್ಲಿ ಉಳಿಯುತ್ತಿತ್ತು. ಮಿಷಿನ್ ಬೇಡ ಅಂತ ನಾನು ಹೇಳುತ್ತಿಲ್ಲ. ಡ್ರಿಲ್ ಇಲ್ಲದೆ ನನ್ನ ಒಂದು ವಾರವೂ ಕಳೆಯುವುದಿಲ್ಲ. ಆದರೆ ಒಂದೇ ಸಾಮಾನು ಇಲ್ಲದೆ ಎರಡು ಸಲ ಕೆಲಸ ನಿಂತ ಮೇಲೆ ಮಾತ್ರ ಅದನ್ನು ಕೊಳ್ಳಿ. ನಾನು ಈಗ ಹಾಗೆ ಮಾಡುತ್ತಿದ್ದೇನೆ.

ಕೈ ಸಾಮಾನುಗಳಿಗೆ ಹೋದದ್ದು 14,350. ಇದರಲ್ಲಿ ಒಂದು ಪೈಸೆಯೂ ನನಗೆ ಬೇಸರ ತಂದಿಲ್ಲ. ಕಬ್ಬಿಣದ ಕೀಸುಳಿಯೊಂದನ್ನು ಹಳೆಯ ಸಾಮಾನಿನ ಅಂಗಡಿಯಿಂದ 500 ರೂಪಾಯಿಗೆ ತಂದು, ತುಕ್ಕು ತಿಕ್ಕಿ, ಅಲಗು ಮಸೆದು ಇಟ್ಟುಕೊಂಡಿದ್ದೇನೆ. ಹಳೆಯದು ಅಂತ ಹೆದರಬೇಕಾಗಿಲ್ಲ. ಅಮೆರಿಕದ ಲೆನಾರ್ಡ್ ಬೈಲಿ ಮಾಡಿದ ಕೀಸುಳಿಗಳ ಹಕ್ಕನ್ನು ಸ್ಟ್ಯಾನ್ಲಿ ಕಂಪನಿ ಕೊಂಡದ್ದು 1869ರಲ್ಲಿ. ಇವತ್ತು ಅಂಗಡಿಯಲ್ಲಿ ಸಿಗುವ ಕಬ್ಬಿಣದ ಕೀಸುಳಿಯೂ ಹೆಚ್ಚುಕಮ್ಮಿ ಅದೇ ರಚನೆಯದು. ಅಂದಹಾಗೆ, ನಮ್ಮ ಕಡೆಯ ಅಂಗಡಿಯಲ್ಲಿ ಕೀಸುಳಿ ಅಂತ ಕೇಳಿದರೆ ಕೆಲವರಿಗೆ ಅರ್ಥವಾಗುವುದಿಲ್ಲ. ಮಲಯಾಳದಲ್ಲಿ 'ಚಿಂತೇರ್' ಅನ್ನಬೇಕು. ಕೊಡತಿಗೆ, ಅಂದರೆ ಮರದ ಸುತ್ತಿಗೆಗೆ, 'ಕೊಟ್ಟುವಡಿ'. ಉಳಿ ಮಾತ್ರ ಎರಡು ಭಾಷೆಯಲ್ಲೂ ಉಳಿಯೇ.

ಯಾರೂ ಲೆಕ್ಕ ಹಿಡಿಯದ ಖರ್ಚು ಇನ್ನೊಂದುಂಟು. ಸ್ಯಾಂಡ್ ಪೇಪರ್, ಸ್ಕ್ರೂ, ಅಂಟು, ಡ್ರಿಲ್ ಬಿಟ್, ಗರಗಸದ ಬ್ಲೇಡ್, ಪಾಲಿಶ್. ಇವೆಲ್ಲ ಐವತ್ತು, ನೂರು, ಇನ್ನೂರು ಅಂತ ಹೋಗುತ್ತವೆ. ಕೂಡಿಸಿ ನೋಡಿದರೆ 21,600. ಮಿಷಿನ್ ಬಿಟ್ಟರೆ ಜಾಸ್ತಿ ದುಡ್ಡು ಹೋದದ್ದು ಇಲ್ಲೇ. ಕ್ಲಾಂಪುಗಳಿಗೆ 9,800. ಅಂಟು ಹಾಕಿದ ಹಲಗೆಯನ್ನು ರಾತ್ರಿಯಿಡೀ ಹಿಡಿದುಕೊಳ್ಳುವುದು ಕ್ಲಾಂಪ್ ತಾನೇ. ಎಷ್ಟಿದ್ದರೂ ಇನ್ನೆರಡು ಬೇಕು ಅನ್ನಿಸುತ್ತದೆ. ಉಳಿದ 6,600 ಸಾಣೆಕಲ್ಲುಗಳಿಗೆ, ಕನ್ನಡಕ, ಮಾಸ್ಕ್, ಕಿವಿಗೆ ಹಾಕುವ ಮಫ್, ಮತ್ತೆ ಹಟ್ಟಿಯ ವಯರಿಂಗಿಗೆ ಹಾಕಿಸಿದ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿಗೆ, ಅಂದರೆ ಕರೆಂಟು ಸೋರಿದರೆ ಕೂಡಲೇ ಲೈನ್ ಕಡಿಯುವ ಸ್ವಿಚ್ಚಿಗೆ. ಒದ್ದೆ ನೆಲದ ಹಟ್ಟಿಯಲ್ಲಿ ಮಿಷಿನ್ ಹಿಡಿಯುವವರು ಇದೊಂದರಲ್ಲಿ ದಯವಿಟ್ಟು ಉಳಿತಾಯ ಮಾಡಬೇಡಿ.

ಇನ್ನು ಮರದ ವಿಚಾರ. ಪುಸ್ತಕದಲ್ಲಿ ಬರೆಯಲಾಗದ ನಷ್ಟಗಳು ಆದದ್ದು ಇಲ್ಲಿ.

ಪಕ್ಕದ ಗುಡ್ಡೆಯ ರಬ್ಬರ್ ತೋಟ ಕಡಿದಾಗ ಮರ ಅಗ್ಗಕ್ಕೆ ಸಿಕ್ಕಿತು. ಚಂದದ ಬಿಳಿ ಮರ. ಪುಸ್ತಕದ ಕಪಾಟು ಮಾಡಿದೆ. ಎಂಟು ತಿಂಗಳಲ್ಲಿ ಕಪಾಟಿನ ಕೆಳಗೆ ಹಿಟ್ಟಿನಂಥ ಹುಡಿ ಬೀಳತೊಡಗಿತು, ಹಲಗೆಯಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತುಗಳು. ರಬ್ಬರ್ ಮರದಲ್ಲಿ ಪಿಷ್ಟ ಜಾಸ್ತಿ, ಹುಳಕ್ಕೆ ಅದೇ ಊಟ. ಕೊಯ್ದ ಕೂಡಲೇ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದಲ್ಲಿ ಸಂಸ್ಕರಿಸಿದರೆ ಮಾತ್ರ ಅದು ಉಳಿಯುತ್ತದೆ. ಹದಿನೈದು ದಿನದ ಸಂಜೆಯ ಕೆಲಸ ಒಲೆಗೆ ಹೋಯಿತು.

ಹಲಸು ಹಾಗಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದ ಗಾಳಿಗೆ ತೋಟದ ಬದಿಯ ಹಲಸಿನ ಮರವೊಂದು ಬಿತ್ತು. ಅಮ್ಮನಿಗೆ ತುಂಬ ದುಃಖವಾಯಿತು, ಒಳ್ಳೆಯ ತುಳುವೆ ಹಣ್ಣಿನ ಮರ ಅದು. ಮಿಲ್ಲಿಗೆ ಸಾಗಿಸಿ ಒಂದೂವರೆ ಇಂಚು ದಪ್ಪದ ಹಲಗೆ ಕೊಯ್ಯಿಸಿದೆ. ಮಿಲ್ಲಿನ ಲೆಕ್ಕ ಕ್ಯೂಬಿಕ್ ಅಡಿಯಲ್ಲಿ. ಅಡಿಯಲ್ಲಿ ಉದ್ದ, ಇಂಚಿನಲ್ಲಿ ಅಗಲ ಮತ್ತು ದಪ್ಪ ಗುಣಿಸಿ 144ರಿಂದ ಭಾಗಿಸಬೇಕು. ಏಳು ಅಡಿ ಉದ್ದ, ಹತ್ತು ಇಂಚು ಅಗಲದ ಅಂಥ ಒಂದು ಹಲಗೆ ಅಂದರೆ 0.73 ಕ್ಯೂಬಿಕ್ ಅಡಿ. ಆಚಾರ್ರು ಮಾತ್ರ ಈಗಲೂ ಕೋಲು, ಅಂಗುಲದಲ್ಲೇ ಅಳೆಯುತ್ತಾರೆ. ಒಂದು ಕೋಲಿಗೆ 24 ಅಂಗುಲ, ಅಂದರೆ 72 ಸೆಂಟಿಮೀಟರ್. ನಾನು ಕ್ಯಾಲ್ಕುಲೇಟರ್ ಒತ್ತುವುದರೊಳಗೆ ಅವರ ಬಾಯಲ್ಲಿ ಉತ್ತರ ಬಂದಿರುತ್ತದೆ.

ಹಸಿ ಹಲಗೆಗಳನ್ನು ಹಟ್ಟಿಯ ಮಾಡಿನಡಿ ಒಂದರ ಮೇಲೊಂದು ಪೇರಿಸಿ, ನಡುನಡುವೆ ಗಾಳಿ ಆಡಲು ಅಡಿಕೆ ಸಲಾಕೆಯ ತುಂಡು ಇಟ್ಟೆ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅಂತ ಹಳಬರ ಲೆಕ್ಕ. ಎರಡು ಮಳೆಗಾಲ ಕಾದೆ. ಹಳದಿ ಇದ್ದದ್ದು ನಿಧಾನಕ್ಕೆ ಜೇನಿನ ಬಣ್ಣಕ್ಕೆ ತಿರುಗಿತು. ಅದೇ ಮರದ ಊಟದ ಮೇಜು ಈಗ ನಮ್ಮ ಮನೆಯಲ್ಲುಂಟು. ಅಷ್ಟು ದೊಡ್ಡ ಹಲಸಿನ ಮೇಜು ಪೇಟೆಯಲ್ಲಿ ಎಷ್ಟಾಗುತ್ತಿತ್ತು ಅಂತ ಕೇಳಬೇಡಿ, ನಾನು ವಿಚಾರಿಸಿಲ್ಲ. ಅಮ್ಮ ದಿನಾ ಅದರಲ್ಲೇ ಊಟ ಮಾಡುತ್ತಾರೆ.

ಬಾಗಿಲ ಕಥೆ ಬೇರೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಜಿಲ್ಲೆ ನಮ್ಮದು. ಜುಲೈ-ಆಗಸ್ಟಿನ ತುಳು ತಿಂಗಳು ಆಟಿಯಲ್ಲಿ ಬಾಗಿಲು ಊದಿಕೊಂಡು ದಾರಂದಕ್ಕೆ ಕಚ್ಚಿಕೊಳ್ಳುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಮೊದಲ ವರ್ಷ ನಾನು ಉತ್ಸಾಹದಲ್ಲಿ ಅದೇ ಪ್ಲೇನರ್ ಹಿಡಿದು ಅಂಚು ಕೀಸಿಬಿಟ್ಟೆ. ಬಾಗಿಲು ಸಲೀಸಾಗಿ ಮುಚ್ಚಿತು. ಫೆಬ್ರವರಿಯಲ್ಲಿ ನೋಡಿದರೆ ಸಂದಿಯಲ್ಲಿ ನನ್ನ ಕಿರುಬೆರಳು ಹೋಗುತ್ತಿತ್ತು, ಇರುವೆ ಸಾಲು, ಹಲ್ಲಿ ಎಲ್ಲ ಒಳಗೆ ಬರುತ್ತಿದ್ದವು. ಮರ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ, ಒಣಗಿದಾಗ ಮತ್ತೆ ಕುಗ್ಗುತ್ತದೆ. ಹಳೆಯ ಬಾಗಿಲುಗಳಲ್ಲಿ ನಡುವಿನ ಹಲಗೆಗೆ ಅಂಟು ಹಾಕದೆ ಚೌಕಟ್ಟಿನ ಸಂದಿನಲ್ಲಿ ಸುಮ್ನೆ ಕೂರಿಸಿರುವುದು ಇದಕ್ಕೇ. ಅದಕ್ಕೆ ಆಚೀಚೆ ಆಡಲು ಜಾಗ ಬೇಕು. ಕೊನೆಗೆ ಬಾಗಿಲಿನ ಅಂಚಿಗೆ ಹೊಸ ಪಟ್ಟಿ ಅಂಟಿಸಿ ಸರಿಮಾಡಿದೆ. ಈಗ ಆಟಿಯಲ್ಲಿ ಎಲ್ಲಿ ಕಚ್ಚುತ್ತದೆ ಅಂತ ಪೆನ್ಸಿಲಿನಲ್ಲಿ ಗುರುತು ಮಾತ್ರ ಹಾಕುತ್ತೇನೆ. ಮರ ಒಣಗಿದ ಮೇಲೆ, ಗುರುತಿದ್ದಲ್ಲಿ ಕೈ ಕೀಸುಳಿಯಿಂದ ಎರಡೇ ಎರಡು ಸುರುಳಿ ತೆಗೆದು, ಕೀಸಿದ ಅಂಚಿಗೆ ಪಾಲಿಶ್ ಹಚ್ಚುತ್ತೇನೆ. ಅಂಚು ಬರಿದಾಗಿದ್ದರೆ ಮರ ಅಲ್ಲಿಂದಲೇ ನೀರು ಕುಡಿಯುತ್ತದೆ.

"ಹಾಗಾದರೆ ಶುರು ಮಾಡಲು ಎಷ್ಟು ಬೇಕು?" ಅಂತ ಕೇಳುವವರೂ ಇದ್ದಾರೆ, ಹೆಚ್ಚಾಗಿ ಚಿಕ್ಕ ಪ್ರಾಯದವರು. ಈ ಪ್ರಶ್ನೆ ನನಗೆ ಬಹಳ ಇಷ್ಟ. ನಾನು ಕೊಟ್ಟ ಬೆಲೆಯಲ್ಲೇ ಹೇಳುವುದಾದರೆ ಎಂಟೂವರೆ ಸಾವಿರದ ಆಸುಪಾಸು. ಅರ್ಧ ಇಂಚಿನದ್ದು ಒಂದು, ಒಂದು ಇಂಚಿನದ್ದು ಒಂದು, ಹೀಗೆ ಎರಡು ಉಳಿ. ಒಂದು ಕೀಸುಳಿ. ಸಣ್ಣ ಹಲ್ಲಿನ ಗರಗಸ, ಮೂಲೆಮಟ್ಟ, ಟೇಪು. ಒಂದು ಸಾಣೆಕಲ್ಲು. ನಾಲ್ಕು ಕ್ಲಾಂಪ್. ಒಂದು ಡ್ರಿಲ್. ಕೊಡತಿ ಕೊಳ್ಳಬೇಡಿ, ಹುಣಸೆ ಮರದ ತುಂಡು ಸಿಕ್ಕಿದರೆ ನೀವೇ ಮಾಡಿ. ಅದು ಗಟ್ಟಿ, ಅಷ್ಟು ಬೇಗ ಸೀಳುವುದಿಲ್ಲ. ಮೊದಲ ಕೆಲಸವೂ ಅದೇ ಆಗಲಿ. ಮಳೆಗಾಲ ಬಂದಾಗ ಕಬ್ಬಿಣದ ಸಾಮಾನಿಗೆಲ್ಲ ಹೊಲಿಗೆ ಮಿಷಿನ್ನಿನ ಎಣ್ಣೆ ಸವರಿಡಿ. ತೆಂಗಿನೆಣ್ಣೆ ಬೇಡ, ದಿನ ಕಳೆದಂತೆ ಅಂಟಂಟಾಗುತ್ತದೆ.

ನನ್ನ ಗೆಳೆಯರೊಬ್ಬರು ಅಡಿಕೆ ಮಾರಿದ ವಾರವೇ ಐವತ್ತು ಸಾವಿರ ಕೊಟ್ಟು ಟೇಬಲ್ ಸಾ ತರಿಸಿದ್ದಾರೆ. ಒಳ್ಳೆಯ ಮಿಷಿನ್. ಈಗ ಅದರ ಮೇಲೆ ಗೋಣಿಚೀಲ ಪೇರಿಸಿದ್ದಾರೆ. ಅವರಿಗೆ ಆಸಕ್ತಿ ಇಲ್ಲ ಅಂತಲ್ಲ, ತುಂಬ ಉಂಟು. ಮೊದಲು ಎಂತ ಮಾಡುವುದು ಅಂತ ಗೊತ್ತಾಗದೆ ಕೂತಿದ್ದಾರೆ. ಕಳೆದ ವಾರ ಅವರಿಗೂ ಹೇಳಿದೆ, ನಿಮಗೂ ಹೇಳುತ್ತೇನೆ. ಏನೂ ಕೊಳ್ಳುವ ಮೊದಲು, ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಉಳಿಯೋ ಕೀಸುಳಿಯೋ ಇದ್ದರೆ ಹುಡುಕಿ ತೆಗೆಯಿರಿ. ತುಕ್ಕು ಹಿಡಿದಿದ್ದರೂ ಪರವಾಗಿಲ್ಲ. ಭಾನುವಾರ ಬೆಳಗ್ಗೆ ಹಟ್ಟಿಗೆ ತನ್ನಿ. ಕಲ್ಲು ನನ್ನ ಹತ್ತಿರ ಉಂಟು, ಹರಿತ ಮಾಡುವುದನ್ನು ತೋರಿಸಿಕೊಡುತ್ತೇನೆ.