ಮೂತ್ರಕೋಶಕ್ಕೆ ಬೊಟಾಕ್ಸ್: ಒಪ್ಪುವ ಮೊದಲು ದೊಡ್ಡಮ್ಮ ಕೇಳಿದ ಪ್ರಶ್ನೆ

ಮೂತ್ರಕೋಶ ತುಂಬುವ ಮೊದಲೇ ಅದರ ಗೋಡೆಯ ಸ್ನಾಯು ತಾನಾಗಿ ಹಿಂಡಿಕೊಂಡು, ತಡೆಯಲಾಗದ ಅವಸರ ಹುಟ್ಟಿಸುವ ತೊಂದರೆಯನ್ನು ನಮ್ಮ ಕಡೆಯ ಹೆಂಗಸರು ವಯಸ್ಸಾದ ಮೇಲೆ ಇದ್ದದ್ದೇ ಎಂದು ನುಂಗಿಕೊಂಡುಬಿಡುತ್ತಾರೆ. ತೀರ್ಥಹಳ್ಳಿಯ ನಮ್ಮ ದೊಡ್ಡಮ್ಮ ಶಿವಮೊಗ್ಗದ ಬಸ್ಸು ಹತ್ತುವ ದಿನ ಒಂದು ಲೋಟ ನೀರನ್ನೂ ಕುಡಿಯುತ್ತಿರಲಿಲ್ಲ. ಮದುವೆಮನೆಗೆ ಹೋದರೆ ಬಚ್ಚಲು ಎಲ್ಲಿದೆಯೆಂದು ವಿಚಾರಿಸಿಕೊಂಡೇ ಕೂರುತ್ತಿದ್ದರು. ನೀರು ಬಿಟ್ಟರೆ ಮೂತ್ರ ಗಾಢವಾಗಿ ಅವಸರ ಇನ್ನೂ ಕೆರಳಬಹುದು ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಸ್ನಾಯುವನ್ನು ಸಡಿಲಿಸುವ ಬೊಟಾಕ್ಸ್ ಎಂಬ ಔಷಧದ ಇಂಜೆಕ್ಷನ್ ಇದಕ್ಕೆ ಮೊದಲ ಮದ್ದಲ್ಲ. ಕಾಫಿ ತಗ್ಗಿಸುವುದು, ಹೊತ್ತು ನೋಡಿಕೊಂಡು ಮೂತ್ರಕ್ಕೆ ಹೋಗುವ ಅಭ್ಯಾಸ, ಕೆಳಹೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮ, ಆಮೇಲೆ ಮಾತ್ರೆ. ದೊಡ್ಡಮ್ಮನಿಗೆ ಮಾತ್ರೆಯಿಂದ ಬಾಯಿ ಒಣಗಿ, ಮಲಬದ್ಧತೆ ಹೆಚ್ಚಾದಾಗಲೇ ಯೂರಾಲಜಿ ವೈದ್ಯರು ಬೊಟಾಕ್ಸ್ ಹೆಸರೆತ್ತಿದ್ದು. ಅಮೆರಿಕದಲ್ಲಿ ಈ ತೊಂದರೆಗೆ 2013ರಲ್ಲಿ ಅನುಮತಿ ಪಡೆದ ಈ ಚಿಕಿತ್ಸೆಯಲ್ಲಿ, ಮೂತ್ರನಾಳದ ಮೂಲಕ ತೆಳುವಾದ ದುರ್ಬೀನು ತೂರಿಸಿ, ಒಟ್ಟು 100 ಯೂನಿಟ್ ಔಷಧವನ್ನು ಸಾಮಾನ್ಯವಾಗಿ 20 ಕಡೆ ಸ್ವಲ್ಪಸ್ವಲ್ಪವೇ ಸ್ನಾಯುವಿಗೆ ಚುಚ್ಚುತ್ತಾರೆ. ಮರಗಟ್ಟಿಸುವ ದ್ರವವನ್ನು ಮೊದಲೇ ಒಳಗೆ ತುಂಬಿರುವುದರಿಂದ ಅನೇಕರಿಗೆ ಪೂರ್ಣ ಅರಿವಳಿಕೆ ಬೇಕಾಗುವುದಿಲ್ಲ. ಸ್ನಾಯುವನ್ನು ಹಿಂಡಲು ಹೇಳುವ ನರದ ಸಂದೇಶವನ್ನು ಔಷಧ ತಡೆಯುತ್ತದೆ.

"ಆಮೇಲೆ ಉಚ್ಚೆ ಪೂರಾ ಕಟ್ಟಿಬಿಟ್ಟರೆ ಏನು ಗತಿ ಡಾಕ್ಟ್ರೇ?" ಎಂದರು ದೊಡ್ಡಮ್ಮ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಅದೇ. ಸ್ನಾಯು ಅತಿಯಾಗಿ ಸಡಿಲಾದರೆ ಮೂತ್ರ ಪೂರ್ತಿ ಖಾಲಿಯಾಗುವುದಿಲ್ಲ. ಪರೀಕ್ಷಾ ಅಧ್ಯಯನಗಳಲ್ಲಿ ನೂರರಲ್ಲಿ ಸುಮಾರು 6 ಮಂದಿಗೆ ಹೀಗಾಗಿದೆ. ಅಂಥವರು ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ, ತಾವೇ ಕ್ಯಾತೆಟರ್ ಎಂಬ ತೆಳು ಕೊಳವೆ ಹಾಕಿಕೊಂಡು ಮೂತ್ರ ತೆಗೆಯಬೇಕಾಗುತ್ತದೆ. ಮೂತ್ರದ ಸೋಂಕು ಇದಕ್ಕಿಂತಲೂ ಹೆಚ್ಚು ಜನರನ್ನು ಕಾಡುತ್ತದೆ. ಸೋಂಕು ಇದ್ದಾಗ ಇಂಜೆಕ್ಷನ್ ಕೊಡುವಂತೆಯೇ ಇಲ್ಲ. ಕೈನಡುಕವೋ ಕಣ್ಣಿನ ಮಂಜೋ ಇರುವ ಹಿರಿಯರಾದರೆ, ಒಂಟಿಮನೆಯಲ್ಲಿ ಆ ಕೆಲಸ ಯಾರು ಮಾಡಿಕೊಡುತ್ತಾರೆ ಎಂಬುದನ್ನು ಸಹಿ ಹಾಕುವ ಮೊದಲೇ ಮನೆಯವರು ಕೂತು ಮಾತಾಡಬೇಕು.

ದೊಡ್ಡಮ್ಮ ಕನ್ನಡಿ ಹಿಡಿದು ಕ್ಯಾತೆಟರ್ ಹಾಕಿಕೊಳ್ಳುವುದನ್ನು ನರ್ಸಿನಿಂದ ಕಲಿತ ಮೇಲೆಯೇ ಒಪ್ಪಿದರು. ಎರಡನೆಯ ವಾರಕ್ಕೆ ಅವಸರ ತಗ್ಗಿತು. ಸ್ಕ್ಯಾನಿನಲ್ಲಿ ಉಳಿಕೆ ಮೂತ್ರ ಕಡಿಮೆಯಿದ್ದುದರಿಂದ ಕಲಿತದ್ದನ್ನು ಬಳಸುವ ಪ್ರಮೇಯ ಬರಲಿಲ್ಲ. ಪರಿಣಾಮ ಸಾಮಾನ್ಯವಾಗಿ ಆರು ತಿಂಗಳ ಆಸುಪಾಸಿನಲ್ಲಿ ಕರಗುತ್ತದೆ, ಮತ್ತೆ ಚುಚ್ಚಿಸಿಕೊಳ್ಳಲು ಕನಿಷ್ಠ 12 ವಾರಗಳ ಅಂತರ ಇರಲೇಬೇಕು. ಮುಂದಿನ ಸಲದ ಖರ್ಚಿಗೆಂದು ದೊಡ್ಡಪ್ಪ ಅಡಿಕೆ ಮಾರಿದ ಹಣದಲ್ಲಿ ಒಂದು ಪಾಲನ್ನು ಈಗಾಗಲೇ ಎತ್ತಿಟ್ಟಿದ್ದಾರೆ.