ವ್ಯಾನ್ ಲಾಗ್: ಅಪ್ಪ, ನಾನು, ಸ್ಟುವರ್ಟ್ ಹೈವೇ

ಫೆಬ್ರವರಿ 9

ವ್ಯಾನ್ ಮನೆ ಮುಂದೆ ಬಂದು ನಿಂತಿದೆ. ಟೊಯೋಟಾ ಹೈಏಸ್, ಡೀಸೆಲ್, ಲಾಂಗ್ ವೀಲ್‌ಬೇಸ್. ಮೊದಲು ಟೈಲ್ಸ್ ಕೆಲಸ ಮಾಡೋರ ಹತ್ರ ಇತ್ತಂತೆ, ಒಳಗೆ ಮೂಲೆ ಮೂಲೆಲಿ ಇನ್ನೂ ಸಿಮೆಂಟ್ ಪುಡಿ ಸಿಗ್ತಿದೆ. ಇವತ್ತು ಇಡೀ ದಿನ ಗುಡಿಸಿ, ವ್ಯಾಕ್ಯೂಮ್ ಹೊಡೆದು, ನೀರು ಹಾಕಿ ತೊಳೆದಿದ್ದೇ ಆಯ್ತು.

ಯಾಕೆ ಇದೆಲ್ಲ ಅಂದ್ರೆ, ಜೂನ್‌ನಲ್ಲಿ ಅಪ್ಪ ಅಡಿಲೇಡ್‌ಗೆ ಬರ್ತಿದ್ದಾರೆ. ಕೆಎಸ್‌ಆರ್‌ಟಿಸಿಲಿ 31 ವರ್ಷ ಡ್ರೈವರ್ ಆಗಿದ್ದು ರಿಟೈರ್ ಆದೋರು, ಅಮ್ಮ ಹೋದ್ಮೇಲೆ ಸಾಗರ ಬಿಟ್ಟು ಎಲ್ಲೂ ಹೋಗಿಲ್ಲ, ಮಕ್ಕಳ ಮನೆಗೆ ಬಂದ್ರೂ ಎರಡೇ ದಿನಕ್ಕೆ ಬಸ್ ಟೈಮ್ ಕೇಳ್ತಾರೆ. ಅವರನ್ನ ಇಲ್ಲಿಗೆ ಕರೆಸಿ ಮನೆಲಿ ಟಿವಿ ಮುಂದೆ ಕೂರಿಸೋದು ನಂಗೆ ಇಷ್ಟ ಇಲ್ಲ. ಜೀವನ ಪೂರ್ತಿ ರಸ್ತೆ ನೋಡಿದೋರು, ಅವರಿಗೆ ತೋರಿಸೋದಾದ್ರೆ ರಸ್ತೇನೇ ತೋರಿಸ್ಬೇಕು.

ನಂಗೆ ಒಟ್ಟು 28 ದಿನ ರಜೆ ಸಿಗತ್ತೆ. ಮೊದಲು ಹಾಕಿದ ಪ್ಲಾನ್ ಆಸ್ಟ್ರೇಲಿಯಾ ಪೂರ್ತಿ ಒಂದು ಸುತ್ತು, ಹೈವೇ 1 ಹಿಡಿದು ಸಮುದ್ರದ ದಂಡೆಗುಂಟ, ಸುಮಾರು 14,500 ಕಿಮೀ. ರಾತ್ರಿ ಫೋನ್ ಮಾಡಿ ಹೇಳಿದೆ. ಏನೇನ್ ನೋಡ್ತೀವಿ ಅಂತ ಅಪ್ಪ ಕೇಳ್ಲೇ ಇಲ್ಲ.

"ಡ್ರೈವರ್ ಎಷ್ಟು ಜನ?" ಅಂದ್ರು.
"ನಾನೊಬ್ನೇ."
"ದಿನಕ್ಕೆ 500 ಚಿಲ್ಲರೆ ಬಿತ್ತಲ್ಲ ಮಾರಾಯ. ವೀಕ್ಲಿ ಆಫ್ ಯಾವತ್ತು?"

ಅಷ್ಟೇ, ಆ ಪ್ಲಾನ್ ಅಲ್ಲಿಗೆ ಮುಗೀತು.

ಫೆಬ್ರವರಿ 23

ಈಗಿನ ಪ್ಲಾನ್: ಅಡಿಲೇಡ್‌ನಿಂದ ಡಾರ್ವಿನ್, ದಕ್ಷಿಣದಿಂದ ಉತ್ತರಕ್ಕೆ ದೇಶದ ಮಧ್ಯ ಸೀಳ್ಕೊಂಡು, ಮತ್ತೆ ಅದೇ ದಾರಿಲಿ ವಾಪಸ್. ಪೋರ್ಟ್ ಅಗಸ್ಟಾದಿಂದ ಆಚೆ ಅದೇ ಸ್ಟುವರ್ಟ್ ಹೈವೇ. 1862ರಲ್ಲಿ ಜಾನ್ ಮೆಕ್‌ಡೌಲ್ ಸ್ಟುವರ್ಟ್ ಅನ್ನೋನು ಕುದುರೆ ಮೇಲೆ ದಾಟಿದ ದಾರಿ ಹೆಚ್ಚುಕಮ್ಮಿ ಇದೇ, ಹೆಸರು ಅದಕ್ಕೇ. ಪೂರ್ತಿ ಟಾರು ಬಿದ್ದಿದ್ದು ಮಾತ್ರ 1980ರ ದಶಕದಲ್ಲಿ. ಒಂದು ಕಡೆಗೇ 3,000 ಕಿಮೀ ಮೇಲೆ, ಅಂದ್ರೆ ಬೆಂಗಳೂರಿಂದ ಶ್ರೀನಗರಕ್ಕೆ ಹೋದಷ್ಟು. ಆದ್ರೆ ಬೆಂಗಳೂರಿಂದ ಶ್ರೀನಗರಕ್ಕೆ ಹೋಗೋವಾಗ ದಾರಿಲಿ ಎಷ್ಟು ಊರು ಸಿಗತ್ತೆ ಯೋಚ್ನೆ ಮಾಡಿ, ಇಲ್ಲಿ ಡಾರ್ವಿನ್ ಇರೋ ನಾರ್ದರ್ನ್ ಟೆರಿಟರಿ ಅನ್ನೋ ಪ್ರಾಂತ್ಯವೇ ಕರ್ನಾಟಕದ ಏಳು ಪಟ್ಟು ದೊಡ್ಡದು, ಇರೋ ಜನ ಎರಡೂವರೆ ಲಕ್ಷದ ಆಸುಪಾಸು, ಅದ್ರಲ್ಲೂ ಅರ್ಧಕ್ಕಿಂತ ಜಾಸ್ತಿ ಡಾರ್ವಿನ್ ಸುತ್ತಲೇ.

ಹಾಗಾಗಿ ದೂರಕ್ಕಿಂತ ಮೊದಲು ಬಂಕ್ ನೋಡ್ಬೇಕು. ಪೋರ್ಟ್ ಅಗಸ್ಟಾ ಬಿಟ್ರೆ ಪಿಂಬಾ, ಆಮೇಲೆ ಗ್ಲೆಂಡಾಂಬೋ, ಅಲ್ಲಿಂದ ಕೂಬರ್ ಪೀಡಿ ತನಕ 250 ಕಿಮೀ ಡೀಸೆಲ್ ಇಲ್ಲ, ನೀರಿಲ್ಲ, ಚಹಾ ಇಲ್ಲ. ಆಮೇಲೆ ಮಾರ್ಲಾ 235, ಕುಲ್ಗೆರಾ 180, ಹೀಗೆ. ಹೈಏಸ್ ಟ್ಯಾಂಕ್ 70 ಲೀಟರ್, ಒಂದು ಬಂಕ್ ಮಿಸ್ಸಾದ್ರೂ ಮುಂದಿನದಕ್ಕೆ ಸಾಕು, ಆದ್ರೂ ಅರ್ಧ ಟ್ಯಾಂಕಿಗೆ ಬಂದಾಗ ಸಿಕ್ಕಲ್ಲಿ ತುಂಬಿಸೋದು ಅಂತ ತೀರ್ಮಾನ.

ಇನ್ನೊಂದು ಲೆಕ್ಕ ಬೆಳಕಿಂದು. ಜೂನ್ ಕೊನೆ, ಜುಲೈ ಅಂದ್ರೆ ಇಲ್ಲಿ ಚಳಿಗಾಲ, ಉತ್ತರದಲ್ಲಿ ಮಳೆ ಇರಲ್ಲ, ಹೋಗೋಕೆ ಅದೇ ಸರಿಯಾದ ಟೈಮು. ಆದ್ರೆ ಹಗಲು ಚಿಕ್ಕದು. ಸೂರ್ಯ ಹುಟ್ಟೋದು ಏಳೂಕಾಲು ಏಳೂವರೆ, ಸಂಜೆ ಆರಕ್ಕೆ ಕತ್ತಲು. ಮುಸ್ಸಂಜೆ, ಬೆಳಗಿನ ಜಾವ ಕಾಂಗರೂ ರಸ್ತೆಗೆ ಬರ್ತಾವೆ, ಕತ್ತಲಲ್ಲಿ ಓಡಿಸೋದು ಬೇಡವೇ ಬೇಡ. ಬೆಳಗ್ಗೆ ಎಂಟೂವರೆಗೆ ಬಿಟ್ಟು ಸಂಜೆ ನಾಲ್ಕಕ್ಕೆ ನಿಲ್ಲಿಸ್ಬೇಕು ಅಂದ್ರೆ ಏಳೂವರೆ ಗಂಟೆ ಸಿಕ್ತು, ಅದ್ರಲ್ಲಿ ಊಟ, ಎರಡು ಸಲ ಇಳಿದು ಕಾಲು ಆಡಿಸೋದು, ಡೀಸೆಲ್ಲು. ಮ್ಯಾಪ್ ತೋರಿಸೋ ಗಂಟೆಗಳನ್ನ ನಂಬಿದ್ರೆ ದಿನಕ್ಕೆ 600 ಆಗತ್ತೆ, ಅಪ್ಪನ ಲೆಕ್ಕದಲ್ಲಿ 350, ಜಾಸ್ತಿ ಅಂದ್ರೆ 400. ನಾನು ಅಪ್ಪನ ಲೆಕ್ಕಾನೇ ಹಿಡ್ಕೊಂಡಿದೀನಿ.

ಮಾರ್ಚ್ 16

ಮಂಚದ ಕೆಲಸ ಮುಗೀತು. ಒಳಗೆ ಗೋಡೆಯಿಂದ ಗೋಡೆಗೆ ಒಂದೂವರೆ ಮೀಟರ್ ಅಷ್ಟೇ. ಸಾಮಾನ್ಯವಾಗಿ ಎಲ್ಲರೂ ಅಡ್ಡಡ್ಡ ಒಂದೇ ದೊಡ್ಡ ಹಾಸಿಗೆ ಮಾಡ್ತಾರೆ. ನಾನು ಆ ಕಡೆ 60 ಸೆಂಟಿಮೀಟರ್, ಈ ಕಡೆ 60, ಮಧ್ಯೆ 30 ಸೆಂಟಿಮೀಟರ್ ಓಡಾಡೋ ಜಾಗ ಬಿಟ್ಟು ಎರಡು ಬೆಂಚ್ ಮಾಡ್ದೆ, 12 ಎಮ್‌ಎಮ್ ಪ್ಲೈವುಡ್, ಕೆಳಗೆ ಪೈನ್ ಫ್ರೇಮ್. ಅಪ್ಪನಿಗೆ ಶುಗರ್ ಇದೆ, ರಾತ್ರಿ ಎರಡು ಸಲನಾದ್ರೂ ಏಳ್ತಾರೆ, ನನ್ನ ದಾಟ್ಕೊಂಡು ಹೋಗೋ ಹಾಗಿರಬಾರ್ದು. ಎತ್ತರ 45 ಸೆಂಟಿಮೀಟರ್, ಮನೆ ಕುರ್ಚಿದು ಎಷ್ಟಿದೆಯೋ ಅಷ್ಟೇ, ಮಂಡಿ ನೋವಿರೋರಿಗೆ ಅದಕ್ಕಿಂತ ತಗ್ಗಿದ್ರೆ ಏಳೋದು ಕಷ್ಟ. ರೂಫ್ ಮಾತ್ರ ತಗ್ಗು, ಒಳಗೆ ನೆಟ್ಟಗೆ ನಿಲ್ಲೋಕಾಗಲ್ಲ, ಅದಕ್ಕೆ ಪರಿಹಾರ ಇಲ್ಲ. ಮೂರು ರಾತ್ರಿಗೊಂದು ಸಲ ಕ್ಯಾರವಾನ್ ಪಾರ್ಕಲ್ಲಿ ಕ್ಯಾಬಿನ್ ತಗೊಳ್ಳೋದು, ಬಿಸಿನೀರಿನ ಸ್ನಾನ, ಬಟ್ಟೆ ಒಗೆಯೋದು, ಅಪ್ಪ ಒಂದು ರಾತ್ರಿ ಸರಿಯಾದ ಮಂಚದ ಮೇಲೆ ಮಲಗ್ತಾರೆ. ಇದಕ್ಕೆ ದುಡ್ಡು ತೆಗೆದಿಟ್ಟಾಯ್ತು.

ವಿಡಿಯೋ ಕಾಲ್‌ನಲ್ಲಿ ತೋರಿಸ್ದೆ. ಅಪ್ಪ ತುಂಬಾ ಹೊತ್ತು ನೋಡಿದ್ರು, ಆಮೇಲೆ ನೈಟ್ ಹಾಲ್ಟ್ ಕಥೆ ಶುರು ಮಾಡಿದ್ರು. ಗೊತ್ತಿಲ್ದೋರಿಗೆ: ಸಂಜೆ ಕೊನೆ ಟ್ರಿಪ್ ಹಳ್ಳಿಗೆ ಹೋಗಿ ಬಸ್ ಅಲ್ಲೇ ನಿಲ್ಲತ್ತೆ, ಡ್ರೈವರ್ ಕಂಡಕ್ಟರ್ ಬಸ್ಸಲ್ಲೇ ಮಲಗಿ ಬೆಳಗ್ಗೆ ಮೊದಲ ಟ್ರಿಪ್ ತಗೊಂಡು ವಾಪಸ್ ಬರ್ತಾರೆ. ಮಳೆಗಾಲದ ಮಲೆನಾಡಲ್ಲಿ ಅಪ್ಪ ಎಷ್ಟು ರಾತ್ರಿ ಹಾಗೆ ಕಳೆದಿದ್ದಾರೋ. ನಾವು ಚಿಕ್ಕೋರಿದ್ದಾಗ ಅಪ್ಪ ಮನೇಲಿಲ್ಲ ಅಂತಷ್ಟೇ ಗೊತ್ತಿತ್ತು, ಎಲ್ಲಿ ಮಲಗ್ತಾರೆ ಅಂತ ನಾನು ಒಂದಿನಾನೂ ಕೇಳಿರಲಿಲ್ಲ. ಅವರು ಹೇಳಿದ್ದನ್ನ ಹಾಗೇ ಬರ್ಕೊಂಡೆ. ಗಾಡಿ ನಿಲ್ಲಿಸೋವಾಗ ತಲೆ ಇರೋ ಕಡೆ ಏರು ಇರ್ಬೇಕು. ಮುಂದೆ ತೆಗೆಯೋವಾಗ ರಿವರ್ಸ್ ಬೇಡದ ಹಾಗೆ ನಿಲ್ಲಿಸ್ಬೇಕು. ಎಷ್ಟೇ ಚಳಿ ಇದ್ರೂ ಎರಡು ಕಡೆ ಕಿಟಕಿ ಒಂದು ಬೆರಳು ತೆಗೆದಿರ್ಬೇಕು, ಇಲ್ಲಾಂದ್ರೆ ಬೆಳಗ್ಗೆ ಗಾಜೆಲ್ಲ ಬೆವ್ತು ಹಾಸಿಗೆ ಒದ್ದೆ. ನೀರಿನ ಬಾಟ್ಲಿ, ಟಾರ್ಚ್, ಚಪ್ಪಲಿ ಕತ್ತಲಲ್ಲಿ ಕೈಗೆ ಸಿಗ್ಬೇಕು. ನಾಳೆನೇ ಸ್ಲೈಡಿಂಗ್ ಕಿಟಕಿ, ಸೊಳ್ಳೆ ಜಾಲರಿ ಆರ್ಡರ್ ಮಾಡ್ತೀನಿ.

ಮಾರ್ಚ್ 30

ಈ ಎರಡು ವಾರ ಪೂರ್ತಿ ಫ್ರಿಡ್ಜ್‌ಗೇ ಹೋಯ್ತು, ಆದ್ರೆ ಇದನ್ನ ಅರ್ಜೆಂಟಲ್ಲಿ ಮಾಡೋ ಹಾಗಿಲ್ಲ, ಯಾಕಂದ್ರೆ ಅಪ್ಪನ ಇನ್ಸುಲಿನ್ ಅದರಲ್ಲೇ ಇರತ್ತೆ. ಉಪಯೋಗಿಸ್ತಿರೋ ಪೆನ್ ಹೊರಗಿದ್ರೂ ನಡೆಯತ್ತೆ, ಸ್ಟಾಕ್ ಇರೋ ಪೆನ್‌ಗಳು ಮಾತ್ರ 2ರಿಂದ 8 ಡಿಗ್ರಿ ಒಳಗೇ ಇರ್ಬೇಕು, ಒಂದ್ಸಲ ಹೆಪ್ಪುಗಟ್ಟಿದ್ರೆ ಬಿಸಾಕೋದೇ.

12 ವೋಲ್ಟ್ ಫ್ರಿಡ್ಜ್, 40 ಲೀಟರ್. ಹಿಂದಿನ ಬ್ಯಾಟರಿಯಿಂದ ವೈರ್ ಎಳೆದು ಹಚ್ಚಿದೆ, ಸಂಜೆ ಚೆನ್ನಾಗೇ ಓಡ್ತಿತ್ತು, ಬೆಳಗ್ಗೆ ನೋಡಿದ್ರೆ ಆಫ್. ಬ್ಯಾಟರಿ ಚೆಕ್ ಮಾಡಿದ್ರೆ 12.4 ವೋಲ್ಟ್, ಚಾರ್ಜ್ ಇದೆ. ಎರಡು ರಾತ್ರಿ ಹೀಗೇ ಆಯ್ತು. ಮೂರನೇ ದಿನ ಕಂಪ್ರೆಸರ್ ಓಡ್ತಿರೋವಾಗಲೇ ಮಲ್ಟಿಮೀಟರ್ ಹಿಡಿದು ಕೂತೆ. ಬ್ಯಾಟರಿ ತುದಿಲಿ 12.4, ಫ್ರಿಡ್ಜ್ ತುದಿಲಿ 11.5. ದಾರಿಲೇ ಹತ್ರ ಹತ್ರ ಒಂದು ವೋಲ್ಟ್ ಮಾಯ. ಕಮ್ಮಿ ವೋಲ್ಟೇಜ್ ನೋಡಿ ಬ್ಯಾಟರಿ ಖಾಲಿ ಆಗಿದೆ ಅಂತ ಫ್ರಿಡ್ಜ್ ತಾನೇ ಆಫ್ ಆಗ್ತಿತ್ತು.

ಕಾರಣ ವೈರ್. ನಮ್ಮ ಊರಲ್ಲಿ ಮನೆ ವೈರಿಂಗಿಗೆ ನಾಲ್ಕು ಎಮ್‌ಎಮ್ ಅಂದ್ರೆ ತಾಮ್ರದ ಅಳತೆ, ನಾಲ್ಕು ಸ್ಕ್ವೇರ್ ಎಮ್‌ಎಮ್. ಇಲ್ಲಿ ಗಾಡಿ ವೈರ್‌ಗೆ 4 ಎಮ್‌ಎಮ್ ಅಂತ ಬರೆದಿದ್ರೆ ಅದು ಮೇಲಿನ ಪ್ಲಾಸ್ಟಿಕ್ ಎಲ್ಲ ಸೇರಿ ಹೊರಗಿನ ದಪ್ಪ, ಒಳಗೆ ತಾಮ್ರ ಎರಡು ಸ್ಕ್ವೇರ್ ಎಮ್‌ಎಮ್‌ಗೂ ಕಮ್ಮಿ. ಇಲ್ಲಿ ವ್ಯಾನ್ ಕೆಲಸ ಮಾಡೋ ನಮ್ಮೋರು ಯಾರಾದ್ರೂ ಇದ್ರೆ ದಯವಿಟ್ಟು ಇದೊಂದು ನೆನಪಿಟ್ಕೊಳ್ಳಿ, ಬಾಕ್ಸ್ ಮೇಲೆ ಎಮ್‌ಎಮ್ ನೋಡ್ಬೇಡಿ, ಸ್ಕ್ವೇರ್ ಎಮ್‌ಎಮ್ ಎಷ್ಟು ಅಂತ ಕೇಳಿ ತಗೊಳ್ಳಿ. ಅದನ್ನೆಲ್ಲ ಕಿತ್ತು 8 ಬಿ ಅಂಡ್ ಎಸ್ ಅನ್ನೋ ವೈರ್ ಹಾಕ್ದೆ, ತಾಮ್ರ ಸುಮಾರು 8 ಸ್ಕ್ವೇರ್ ಎಮ್‌ಎಮ್, ಬ್ಯಾಟರಿ ಹತ್ರಾನೇ ಫ್ಯೂಸ್, ಸಿಗರೇಟ್ ಲೈಟರ್ ಪ್ಲಗ್ ತೆಗೆದು ಗಟ್ಟಿ ಕನೆಕ್ಟರ್. ಈಗ ಎರಡೂ ತುದಿಗೆ 0.2 ವೋಲ್ಟ್ ವ್ಯತ್ಯಾಸ ಅಷ್ಟೇ. ಹಳೇ ಬ್ಯಾಟರಿ ಬದಲು 100 ಆಂಪಿಯರ್ ಅವರ್ ಲಿಥಿಯಮ್ ಬಂತು, ಮೇಲೆ 200 ವಾಟ್ ಸೋಲಾರ್.

ಆಮೇಲೆ ಒಳಗಿನ ಟೆಂಪರೇಚರ್. ಫ್ರಿಡ್ಜ್ ಡಿಸ್‌ಪ್ಲೇ 4 ತೋರಿಸ್ತಿತ್ತು, ನಾನು ಬೇರೆ ಥರ್ಮಾಮೀಟರ್ ತಳದಲ್ಲಿ, ಗೋಡೆಗೆ ತಾಗಿಸಿ ಇಟ್ಟು ರಾತ್ರಿ ಮೂರಕ್ಕೆ ಅಲಾರಂ ಇಟ್ಟು ಎದ್ದು ನೋಡಿದ್ರೆ ಮೈನಸ್ 1. ಮೇಲಿನ ಬುಟ್ಟಿಲಿ 5. ಒಂದೇ ಫ್ರಿಡ್ಜ್, ಒಂದೇ ಹೊತ್ತು, ಆರು ಡಿಗ್ರಿ ವ್ಯತ್ಯಾಸ. ಈಗ ಇನ್ಸುಲಿನ್ ಡಬ್ಬಿಗೆ ಜಾಗ ಫಿಕ್ಸ್: ಮೇಲಿನ ಬುಟ್ಟಿ, ಟವೆಲ್ ಸುತ್ತಿ, ಪಕ್ಕದಲ್ಲೇ ಥರ್ಮಾಮೀಟರ್, ಸೆಟ್ಟಿಂಗ್ 5. ಆರು ರಾತ್ರಿ ನೋಡಿದೆ, 4ಕ್ಕಿಂತ ಕೆಳಗೆ ಇಳಿದಿಲ್ಲ.

ಏಪ್ರಿಲ್ 20

ಟ್ರಯಲ್ ಆಯ್ತು. ಎರಡು ರಾತ್ರಿ, ಪೋರ್ಟ್ ಅಗಸ್ಟಾ ತನಕ, ಒಬ್ನೇ. ನೀರು, ಗ್ಯಾಸು, ಹಾಸಿಗೆ, ಅಪ್ಪನ ತೂಕಕ್ಕೆ ಮೂರು ಮೂಟೆ ಮರಳು, ಎಲ್ಲ ಹೇರ್ಕೊಂಡೇ ಹೋದೆ. 310 ಕಿಮೀಗೆ ಎಲ್ಲ ನಿಲ್ಲಿಸಿ ಇಳಿದು 4 ಗಂಟೆ 40 ನಿಮಿಷ. ಗಂಟೆಗೆ 66 ಬಿತ್ತು, 110 ಬೋರ್ಡ್ ಇರೋ ರಸ್ತೇಲಿ! ಪ್ಲಾನ್ ಮಾಡೋರು ಇದೊಂದು ಟ್ರಯಲ್ ಮಾಡಿ ನೋಡ್ಬೇಕು, ಎಲ್ಲ ಲೆಕ್ಕಾನೂ ಬದಲಾಗತ್ತೆ. ಅಪ್ಪ ಫೋನಲ್ಲಿ ಕೇಳಿದ ಮೊದಲ ಪ್ರಶ್ನೆ ಕೆಎಂಪಿಎಲ್, ಅಂದ್ರೆ ಲೀಟರ್‌ಗೆ ಕಿಮೀ, ಎಷ್ಟು ಬಂತು. ಡಿಪೋಲಿ ಪ್ರತಿ ಡ್ರೈವರ್‌ಗೂ ಅದರದ್ದೇ ಲೆಕ್ಕ. 9.1 ಅಂದೆ. "ಪರ್ವಾಗಿಲ್ಲ, ನಾನು ಬಂದ್ಮೇಲೆ ಹತ್ತು ಮಾಡಣ" ಅಂದ್ರು. ಅವರ ಧ್ವನಿಲಿ ಆ ಹುಮ್ಮಸ್ಸು ಕೇಳಿ ಎಷ್ಟು ದಿನ ಆಗಿತ್ತು.

ಮಲಗಿದ್ದು ಸರಿ ಇತ್ತು. ಪಕ್ಕದಲ್ಲಿ ರೋಡ್ ಟ್ರೈನ್‌ಗಳು ಹೋಗೋವಾಗ ವ್ಯಾನ್ ಅಲ್ಲಾಡತ್ತೆ. ಒಂದು ಲಾರಿಗೆ ಮೂರ್ನಾಲ್ಕು ಟ್ರೈಲರ್, ಉದ್ದ 53 ಮೀಟರ್ ತನಕ, ಓವರ್‌ಟೇಕ್ ಮಾಡ್ಬೇಕಂದ್ರೆ ಮುಂದೆ ಒಂದು ಕಿಲೋಮೀಟರಾದ್ರೂ ಖಾಲಿ ಕಾಣ್ಬೇಕು. ಯುಎಚ್‌ಎಫ್ ರೇಡಿಯೋ ಹಾಕಿಸ್ದೆ, ಲಾರಿಯೋರು 40ನೇ ಚಾನೆಲ್‌ನಲ್ಲಿ ಇರ್ತಾರೆ, ಕೇಳಿದ್ರೆ ದಾರಿ ಹೇಳ್ತಾರೆ.

ವಾಪಸ್ ಬಂದು ಕೂತು, ಟ್ರಯಲ್‌ನ ಸ್ಪೀಡ್ ಹಾಕಿ ಮತ್ತೆ ದಿನ ಎಣಿಸಿದೆ. ಡಾರ್ವಿನ್ ತಲುಪೋಕೇ 19 ದಿನ. ಉಳಿಯೋದು 9, ಅದ್ರಲ್ಲಿ 3,000 ಕಿಮೀ ವಾಪಸ್. ಆಗಲ್ಲ. ದೇಶದ ಮಧ್ಯೆ ಇರೋ ಆ ದೊಡ್ಡ ಕೆಂಪು ಬಂಡೆ ಉಲೂರು ಬಿಡೋಣವಾ ಅಂತ ಯೋಚಿಸ್ದೆ, ಆಲಿಸ್ ಸ್ಪ್ರಿಂಗ್ಸ್‌ನ ರೆಸ್ಟ್ ದಿನ ಕಮ್ಮಿ ಮಾಡೋಣವಾ ಅಂತ ನೋಡ್ದೆ, ಎರಡು ಸಂಜೆ ಇದೇ ತಲೆನೋವು. ಕೊನೆಗೆ ಡಾರ್ವಿನ್ನೇ ತೆಗೆದೆ. ಅದಕ್ಕಿಂತ ಮುಂಚೆ ಸಿಗೋ ಕ್ಯಾಥರಿನ್ ಅನ್ನೋ ಊರಿನ ತನಕ ಹೋಗಿ, ನಿಟ್ಮಿಲುಕ್ ಕಣಿವೆಲಿ ದೋಣಿ ಹತ್ತಿ ಅಲ್ಲಿಂದ ತಿರುಗೋದು. ಒಂದು ಕಡೆಗೆ 2,720. ಬೇಜಾರಾಯ್ತು, ಸಮುದ್ರದಿಂದ ಸಮುದ್ರಕ್ಕೆ ಅನ್ನೋ ಆಸೆ ಇತ್ತು. ಆದ್ರೆ ಈಗ ವಾಪಸ್ ಬರೋಕೂ ಹತ್ತು ದಿನ ಸಿಕ್ತು, ದಿನಕ್ಕೆ 270.

ಮೇ 11

ಪ್ಲಾನ್ ಈಗ ಹೀಗಿದೆ. ಪೋರ್ಟ್ ಅಗಸ್ಟಾ, ಗ್ಲೆಂಡಾಂಬೋ, ಕೂಬರ್ ಪೀಡಿ ಎರಡು ರಾತ್ರಿ (1915ರಿಂದ ಓಪಲ್ ಅನ್ನೋ ರತ್ನದ ಕಲ್ಲು ಅಗೀತಿರೋ ಊರು, ಬಿಸಿಲು ತಡೀಲಾರದೆ ಜನ ನೆಲದೊಳಗೇ ಮನೆ ಕೊರ್ಕೊಂಡಿದ್ದಾರೆ, ಅಲ್ಲಿ ನಾವೂ ನೆಲದಡಿ ರೂಮಲ್ಲೇ ಮಲಗ್ತೀವಿ), ಮಾರ್ಲಾ, ಎರ್ಲ್‌ಡಂಡಾ, ಅಲ್ಲಿಂದ ಹೈವೇ ಬಿಟ್ಟು ಪಶ್ಚಿಮಕ್ಕೆ 245 ಕಿಮೀ ಉಲೂರು. ಪಾರ್ಕ್ ಒಳಗೆ ಕ್ಯಾಂಪ್ ಮಾಡೋ ಹಾಗಿಲ್ಲ, ಪಾರ್ಕ್ ಹೊರಗಿನ ಯುಲಾರಾದಲ್ಲಿ ಮೂರು ರಾತ್ರಿ ಬುಕ್ ಮಾಡ್ದೆ, ಜುಲೈನಲ್ಲಿ ಸ್ಕೂಲ್ ರಜೆ ಇರತ್ತೆ, ಅಲ್ಲಿ ಮಾತ್ರ ಮುಂಚೆನೇ ಮಾಡ್ಬೇಕು. ಬಂಡೆ ಸುತ್ತ ಪೂರ್ತಿ ನಡೆದ್ರೆ ಹತ್ತು ಕಿಮೀ ಮೇಲೆ, ಅಪ್ಪನ ಮಂಡಿಗೆ ಅದು ಬೇಡ. ಮಾಲಾ ವಾಕ್ ಹೋಗಿ ಬರೋಕೆ ಎರಡು ಕಿಮೀ, ಸಮತಟ್ಟು, ಮುಟಿಟ್ಜುಲು ನೀರಿನ ಗುಂಡಿ ಒಂದು ಕಿಮೀ, ಇವೆರಡು ಸಾಕು. ಹತ್ತೋದು 2019ರ ಅಕ್ಟೋಬರ್ 26ರಿಂದ ಬಂದ್. ಅಲ್ಲಿನ ಮೂಲನಿವಾಸಿ ಅನಂಗು ಜನಕ್ಕೆ ಅದು ಪವಿತ್ರ ಜಾಗ, ಹತ್ತಬೇಡಿ ಅಂತ ಎಷ್ಟೋ ವರ್ಷ ಕೇಳ್ಕೊಂಡಿದ್ರು. ಅಪ್ಪನಿಗೆ ಹೇಳ್ದಾಗ, "ದೇವರ ಬನಕ್ಕೆ ನಾವು ಕತ್ತಿ ತಗೊಂಡು ಹೋಗ್ತೀವಾ" ಅಂದ್ರು, ಬೇರೆ ವಿವರಣೆ ಬೇಕಾಗ್ಲಿಲ್ಲ. ಆಮೇಲೆ ಆಲಿಸ್ ಸ್ಪ್ರಿಂಗ್ಸ್ ಎರಡು ದಿನ ರೆಸ್ಟ್, ಕಾರ್ಲು ಕಾರ್ಲು (ದೊಡ್ಡ ದುಂಡು ಬಂಡೆಗಳ ಜಾಗ), ಎಲಿಯಟ್, ಮಟರಂಕಾ. ಮಟರಂಕಾದಲ್ಲಿ 34 ಡಿಗ್ರಿ ಬಿಸಿನೀರಿನ ಕೊಳ ಇದೆ, ಅಪ್ಪ ಅಲ್ಲಿ ಎಷ್ಟು ಹೊತ್ತು ಕೂರ್ತಾರೋ ಕೂರ್ಲಿ.

ಡೀಸೆಲ್: ಅಡ್ಡ ದಾರಿ ಎಲ್ಲ ಸೇರಿ 6,200 ಕಿಮೀ, 690 ಲೀಟರ್, ಲೀಟರ್‌ಗೆ 2.30 ಡಾಲರ್ ಹಿಡಿದ್ರೆ 1,590 ಡಾಲರ್.

ಅಡುಗೆ ಲಿಸ್ಟ್ ಅರ್ಧ ಆಗಿದೆ. ಅವಲಕ್ಕಿ, ಉಪ್ಪಿಟ್ಟು ರವೆ ಹುರಿದಿಟ್ಟು, ಚಟ್ನಿಪುಡಿ, ಹುಳಿಪುಡಿ, ಬೇಳೆ, ಚಿಕ್ಕ ಕುಕ್ಕರ್. ವಾಪಸ್ ಬರೋವಾಗ ಸೌತ್ ಆಸ್ಟ್ರೇಲಿಯಾ ಗಡಿ ಒಳಗೆ ಹಣ್ಣುನೊಣದ ಭಯಕ್ಕೆ ತಾಜಾ ಹಣ್ಣು, ಟೊಮೆಟೊ, ಹಸಿಮೆಣಸಿನಕಾಯಿ ಯಾವುದನ್ನೂ ತರೋ ಹಾಗಿಲ್ಲ, ಕುಲ್ಗೆರಾಕ್ಕೆ ಬರೋಷ್ಟರಲ್ಲಿ ಎಲ್ಲ ಖಾಲಿ ಮಾಡ್ಬೇಕು. ಅಪ್ಪನಿಗೂ ಹೇಳಿದೀನಿ, ಅಪ್ಪೆಮಿಡಿ ಉಪ್ಪಿನಕಾಯಿ ತಂದ್ರೆ ಏರ್‌ಪೋರ್ಟ್ ಫಾರ್ಮಲ್ಲಿ ಬರೆದು ತೋರಿಸಿ, ಇನ್ಸುಲಿನ್‌ಗೆ ಡಾಕ್ಟರ್ ಚೀಟಿ ಕೈಚೀಲದಲ್ಲೇ ಇಟ್ಕೊಳ್ಳಿ ಅಂತ.

ಬಾಕಿ ಇರೋದು: ವೇಬ್ರಿಡ್ಜ್‌ನಲ್ಲಿ ಪೂರ್ತಿ ಲೋಡ್ ತೂಕ, ಹಿಂದಿನ ಎರಡು ಟೈರ್, ನೀರಿನ ಟ್ಯಾಂಕ್ ಕೆಳಗೆ ಒಂದು ಹನಿ ಸೋರ್ತಿದೆ ಅದು, ಪರದೆ. ಪರದೆ ಬಟ್ಟೆ ಯಾವ ಬಣ್ಣ ಅಂತ ಅಪ್ಪನ್ನ ಕೇಳ್ದೆ, "ಬೆಳಕು ಬರಬಾರ್ದು, ಅಷ್ಟೇ ನೋಡು" ಅಂದ್ರು. ಫೋನ್ ಇಡೋ ಮುಂಚೆ ಮೆಲ್ಲಗೆ ಇನ್ನೊಂದು ಕೇಳಿದ್ರು, ಖಾಲಿ ರಸ್ತೆ ಸಿಕ್ಕಾಗ ಹಗಲಲ್ಲಿ ಸ್ವಲ್ಪ ದೂರ ಸ್ಟೇರಿಂಗ್ ತಂಗೆ ಕೊಡ್ತೀಯಾ ಅಂತ. ನಾಳೆ ಇನ್ಶೂರೆನ್ಸ್‌ನೋರಿಗೆ ಫೋನ್ ಮಾಡಿ ಎರಡನೇ ಡ್ರೈವರ್ ಹೆಸರು ಸೇರಿಸೋದು ಹೇಗೆ ಅಂತ ಕೇಳ್ಬೇಕು.