12 ವೋಲ್ಟಿನ ದೀಪಕ್ಕೆ ವೈರೇ ಮುಖ್ಯ

ಅಡಿಕೆ ಸುಲಿಯುವ ಜಾಗಕ್ಕೆ ಎಂಥ ಲೈಟ್ ಹಾಕಿದ್ದು ಅಂತ ಕೊಯ್ಲಿನ ಕಾಲಕ್ಕೆ ನಮ್ಮನೆಗೆ ಬಂದವರು ಕೇಳುತ್ತಿರುತ್ತಾರೆ. ಲೈಟೇನೂ ವಿಶೇಷದ್ದಲ್ಲ, ಸಾಗರದ ಅಂಗಡಿಯಲ್ಲಿ ಸಿಗುವ 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್, 5 ಮೀಟರಿನ ಸುರುಳಿ. ನಾನು ಹೆಚ್ಚು ತಲೆ ಕೆಡಿಸಿಕೊಂಡಿದ್ದು ವೈರಿನ ಬಗ್ಗೆ.

ನಮ್ಮ ಕಡೆಗೆ 12 ವೋಲ್ಟ್ ಹೊಸದಲ್ಲ. 1995ರಲ್ಲಿ ಶುರುವಾದ ಸೆಲ್ಕೋದಂಥ ಸೋಲಾರ್ ಕಂಪನಿಯವರು ಕರೆಂಟ್ ನೆಚ್ಚಿಕೊಳ್ಳಲಾಗದ ಮನೆಗಳಿಗೆ ಪ್ಯಾನೆಲ್, ಬ್ಯಾಟರಿ, ನಾಲ್ಕಾರು ದೀಪ ಕೊಟ್ಟು ಅಭ್ಯಾಸ ಮಾಡಿಸಿದ್ದಾರೆ. ಆದರೆ ಎಷ್ಟೋ ಮನೆಗಳಲ್ಲಿ ಬಲ್ಬು ಬದಲಾಗಿದೆ, ವೈರ್ ಮಾತ್ರ ಹಳೆಯದೇ. ಆಮೇಲೆ ಲೈಟ್ ಮಂಕು ಅಂತ ಬೇಸರ.

ಲೆಕ್ಕ ನೋಡಿ. ಸುಲಿಯುವ ಜಾಗದ ಸ್ಟ್ರಿಪ್ 48 ವ್ಯಾಟಿನದು. 230 ವೋಲ್ಟಿನಲ್ಲಾದರೆ ಕಾಲು ಆಂಪಿಯರೂ ಬೇಡ. 12 ವೋಲ್ಟಿನಲ್ಲಿ 4 ಆಂಪಿಯರ್ ಹರಿಯಬೇಕು. ಬ್ಯಾಟರಿ ಜಗಲಿಯಲ್ಲಿದೆ, ಅಲ್ಲಿಂದ 12 ಮೀಟರ್. ಹೋಗಿ ಬರುವ ಎರಡೂ ಎಳೆ ಸೇರಿ 24 ಮೀಟರ್. ಮನೆಯ ಲೈಟ್ ಪಾಯಿಂಟಿಗೆ ಹಾಕುವ 1 ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ ಸುಮಾರು 1.8 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 2.5ರಲ್ಲಿ ಮುಕ್ಕಾಲು ವೋಲ್ಟ್, 4ರಲ್ಲಿ ಅರ್ಧ ವೋಲ್ಟಿನ ಆಸುಪಾಸು. ನಾನು 4 ಹಾಕಿದೆ. ದುಡ್ಡು ಜಾಸ್ತಿಯೇ, ಆದರೆ ಅದೊಂದೇ ಸಲದ ಖರ್ಚು.

ಸ್ಟ್ರಿಪ್ಪನ್ನು ಹತ್ತಿರದಿಂದ ನೋಡಿದರೆ ಇದು ಯಾಕೆ ಇಷ್ಟು ಮುಖ್ಯ ಅಂತ ಗೊತ್ತಾಗುತ್ತದೆ. ಮೂರು ಮೂರು ಎಲ್‌ಇಡಿಗೆ ಕರೆಂಟನ್ನು ಹದ್ದಿನಲ್ಲಿಡುವ ಒಂದು ಪುಟ್ಟ ಕಪ್ಪು ರೆಸಿಸ್ಟರ್, ಪಕ್ಕದಲ್ಲಿ ಕತ್ತರಿಸುವ ಗೆರೆ. ಮೂರು ಎಲ್‌ಇಡಿಗೇ ಸುಮಾರು 9 ವೋಲ್ಟ್ ಹೋಗುತ್ತದೆ, ಉಳಿದ 3 ವೋಲ್ಟ್ ರೆಸಿಸ್ಟರಿನ ಪಾಲು. ಆ ಮೂರು ವೋಲ್ಟಿನಲ್ಲಿ ಒಂದೂವರೆ ವೈರಿನಲ್ಲೇ ಹೋದರೂ ಬೆಳಕು ಎದ್ದು ಕಾಣುವಷ್ಟು ಕುಗ್ಗುತ್ತದೆ. ವೋಲ್ಟ್ ಹೆಚ್ಚಾದರೂ ಕಷ್ಟ. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ 14.4 ವೋಲ್ಟಿನವರೆಗೆ ಏರುತ್ತದೆ. ಆಗ ರೆಸಿಸ್ಟರಿನ ಮೇಲೆ 3ರ ಬದಲು 5 ವೋಲ್ಟ್ ಬೀಳುತ್ತದೆ, ಕರೆಂಟ್ ಒಂದೂವರೆ ಪಟ್ಟಿಗೂ ಮೀರುತ್ತದೆ, ಸ್ಟ್ರಿಪ್ ಬಿಸಿಯಾಗಿ ಒಂದೊಂದೇ ತುಂಡು ಕಂದುತ್ತದೆ. ಅದಕ್ಕೇ ಬ್ಯಾಟರಿ ಏರಲಿ ಇಳಿಯಲಿ, 12 ವೋಲ್ಟನ್ನೇ ಕೊಡುವ ಬಕ್-ಬೂಸ್ಟ್ ಕನ್ವರ್ಟರನ್ನು ಮಧ್ಯೆ ಇಟ್ಟಿದ್ದೇನೆ. ಸ್ಟ್ರಿಪ್ಪನ್ನು ಅಲ್ಯೂಮಿನಿಯಂ ಚಾನೆಲ್ಲಿನಲ್ಲಿ ಕೂರಿಸಿದ್ದೂ ಬಿಸಿ ಹೊರಗೆ ಹೋಗಲೆಂದೇ. ಅದರ ಹಿಂದಿನ ಅಂಟು ನಮ್ಮ ಥಂಡಿಗೆ ಹೇಗೂ ನಿಲ್ಲುವುದಿಲ್ಲ. ಒತ್ತಿ ಕೂರಿಸುವ ಕ್ಲಿಪ್ಪುಗಳೂ ಅಷ್ಟೇ, ಕಿಲುಬು ಹಿಡಿಯುತ್ತವೆ, ಬೆಸುಗೆಯೇ ಸರಿ.

ಲೈಟ್ ಎಲ್ಲಿ ಕೂರಬೇಕು ಅನ್ನುವುದನ್ನು ಸುಲಿಯುವವರನ್ನೇ ಕೇಳಿ ತೀರ್ಮಾನಿಸಿದೆ. ಮೆಟ್ಟುಗತ್ತಿಯ ಮುಂದೆ ಕೂತವರ ತಲೆಯ ಹಿಂದೆ ದೀಪವಿದ್ದರೆ ಅವರದೇ ನೆರಳು ಕತ್ತಿಯ ಬಾಯಿಗೆ ಬೀಳುತ್ತದೆ, ಬೆರಳಿಗೆ ಅಪಾಯ. ಹಾಗಾಗಿ ಸಾಲಿಗೆ ಉದ್ದಕ್ಕೂ, ಅವರಿಗಿಂತ ಒಂದು ಮೊಳ ಮುಂದೆ ಹಾಕಿದ್ದೇನೆ. ಉದ್ದನೆಯ ಸ್ಟ್ರಿಪ್ಪಿನ ಬೆಳಕು ಎಲ್ಲ ಕಡೆಯಿಂದ ಬರುವುದರಿಂದ ನೆರಳು ಗಾಢವಾಗುವುದಿಲ್ಲ; ಒಂಟಿ ಬಲ್ಬಿಗೆ ಆ ಗುಣವಿಲ್ಲ. ಬೆಳಕಿನ ಬಣ್ಣ 4000 ಕೆಲ್ವಿನ್, ಅಂದರೆ ಹಳದಿಯೂ ಅಲ್ಲದ ನೀಲಿಯೂ ಅಲ್ಲದ ಬಿಳಿ; ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಳತೆ, ಸಿಆರ್‌ಐ, ನೂರಕ್ಕೆ 90. ರಾಶಿ, ಬೆಟ್ಟೆ, ಗೊರಬಲು ಅಂತ ಬಗೆಬಗೆ ಆರಿಸುವಾಗ ಅಡಿಕೆಯ ಕೆಂಪು ಕೆಂಪಾಗಿಯೇ ಕಾಣಬೇಕಲ್ಲ. ಜಗಲಿಗೆ ಮಾತ್ರ ಅಪ್ಪಯ್ಯನ ಕಣ್ಣಿಗೆ ಹಿತವಾಗುವ 2700 ಕೆಲ್ವಿನ್ನಿನ ಹಳದಿ ಬೆಳಕು.

ಫ್ಯೂಸ್ ಮರೆಯಬೇಡಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ಶಾರ್ಟ್ ಆದರೆ ಬ್ಯಾಟರಿ ನೂರಾರು ಆಂಪಿಯರ್ ಒಮ್ಮೆಗೇ ಕಕ್ಕುತ್ತದೆ. ವೈರ್ ಕಾದು ಕೆಂಪಾಗುತ್ತದೆ. ಸುತ್ತ ಒಣಗಿದ ಅಡಿಕೆ ಸಿಪ್ಪೆ ಬೇರೆ. ಕಾರಿಗೆ ಹಾಕುವ 7.5 ಆಂಪಿಯರಿನ ಫ್ಯೂಸ್, ಅದರ ಹೋಲ್ಡರ್, ಎರಡೂ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತವೆ. ಪ್ಲಸ್ ವೈರಿಗೆ, ಬ್ಯಾಟರಿಯಿಂದ ಒಂದು ಗೇಣಿನೊಳಗೇ ಹಾಕಿ.